ನಂಬಬಹುದಾದ ಅಂಕಿ: ಕೈಗಾರಿಕೆಯಲ್ಲಿ ಸಂವೇದಕಗಳು ಬೆಳೆದ ಬಗೆ

ಕಾರ್ಖಾನೆಯೊಂದರಲ್ಲಿ ತಿಳಿದಿರಲೇಬೇಕಾದ ಸಂಗತಿಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವಂಥವಲ್ಲ. ಕುಲುಮೆಯ ಒಡಲಿನ ಶಾಖ, ಬಾಯ್ಲರಿನೊಳಗಿನ ಹಬೆಯ ಒತ್ತಡ, ಮುಚ್ಚಿದ ಟ್ಯಾಂಕಿನಲ್ಲಿ ದ್ರವ ನಿಂತಿರುವ ಎತ್ತರ, ತಿರುಗುತ್ತಿರುವ ಬೇರಿಂಗಿನಲ್ಲಿ ಮೂಡುತ್ತಿರುವ ಸವೆತ, ಇವೆಲ್ಲವನ್ನೂ ನಡುವೆ ಒಂದು ಸಾಧನವನ್ನಿಟ್ಟುಕೊಂಡೇ ಅರಿಯಬೇಕಾಗುತ್ತದೆ. ಆ ಸಾಧನವೇ ಸಂವೇದಕ, ಕಾರ್ಖಾನೆಯ ಆಡುಮಾತಿನಲ್ಲಿ ಸೆನ್ಸರ್. ಸಂವೇದಕವು ಶಾಖವನ್ನೋ ಒತ್ತಡವನ್ನೋ ನೇರವಾಗಿ ಅಳೆಯುತ್ತದೆ ಎಂದು ತಿಳಿಯುವುದು ಸಾಮಾನ್ಯ. ವಾಸ್ತವದಲ್ಲಿ ಅದು ಸುತ್ತಲಿನ ಸ್ಥಿತಿಗೆ ಸಿಕ್ಕಿ ತಾನೇ ಬದಲಾಗುತ್ತದೆ, ಅಂದರೆ ಬಾಗುತ್ತದೆ, ಹಿಗ್ಗುತ್ತದೆ, ಅತ್ಯಲ್ಪ ವೋಲ್ಟೇಜನ್ನು ಹುಟ್ಟಿಸುತ್ತದೆ ಅಥವಾ ತನ್ನ ವಿದ್ಯುತ್ ರೋಧವನ್ನು ಬದಲಿಸಿಕೊಳ್ಳುತ್ತದೆ, ಮತ್ತು ಆ ಬದಲಾವಣೆಯ ಮೇಲಿಂದ ಮೂಲ ಸಂಗತಿಯನ್ನು ಲೆಕ್ಕ ಹಾಕಲಾಗುತ್ತದೆ. ಹೀಗಾಗಿ ಫಲಕದ ಮೇಲೆ ಮೂಡುವ ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಅನುಮಾನದ ಸರಪಳಿ ಇದೆ. ಎರಡು ಶತಮಾನಗಳಿಗೂ ಮಿಕ್ಕಿದ ಸಂವೇದಕ ತಂತ್ರಜ್ಞಾನದ ಇತಿಹಾಸವನ್ನು ಸೂಕ್ಷ್ಮತೆ ಹೆಚ್ಚುತ್ತ ಬಂದ ಕಥೆಯಾಗಿ ಹೇಳುವುದು ವಾಡಿಕೆಯಾಗಿದೆ. ಆದರೆ ಅಂಕಿಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ಕಲಿತ ಕಥೆಯೂ ಅದರೊಳಗೇ ಇದ್ದು, ಕಾರ್ಮಿಕರ ಜೀವದ ದೃಷ್ಟಿಯಿಂದ ನೋಡಿದರೆ ಅದೇ ಹೆಚ್ಚು ಮುಖ್ಯವಾದುದು.

ಅಳತೆಯ ಅಗತ್ಯ ತೀವ್ರವಾದುದು ಹಬೆಯ ಯಂತ್ರಗಳ ಕಾಲದಲ್ಲಿ. ಜೇಮ್ಸ್ ವಾಟ್ 1788ರಲ್ಲಿ ತನ್ನ ಯಂತ್ರಕ್ಕೆ ಅಳವಡಿಸಿದ ಗವರ್ನರ್ ಎಂಬ ಸಾಧನದಲ್ಲಿ ಎರಡು ಲೋಹದ ಗುಂಡುಗಳು ಯಂತ್ರದೊಂದಿಗೇ ಸುತ್ತುತ್ತಿದ್ದು, ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿಕೊಂಡು ಹಬೆಯ ದಾರಿಯನ್ನು ಕಿರಿದಾಗಿಸುತ್ತಿದ್ದವು. ಅಂದರೆ ಅರಿಯುವ ಕೆಲಸವೂ ಅಂಕೆಯಲ್ಲಿಡುವ ಕೆಲಸವೂ ಒಂದೇ ಸಾಧನದಲ್ಲಿ ಸೇರಿದ್ದವು. ಒತ್ತಡದ ವಿಷಯದಲ್ಲಿ ಇಂಥ ಸರಳ ಉಪಾಯ ಬಹಳ ಕಾಲ ಸಿಗಲಿಲ್ಲ. 1849ರಲ್ಲಿ ಪ್ಯಾರಿಸಿನ ಯುಜೀನ್ ಬೂರ್ದಾನ್ ಪೇಟೆಂಟ್ ಪಡೆದ ಮಾಪಕವು ಚಪ್ಪಟೆಯಾಗಿ ಒತ್ತಿ ಕಮಾನಿನಂತೆ ಬಾಗಿಸಿದ ಲೋಹದ ಕೊಳವೆಯೊಂದನ್ನು ಆಧರಿಸಿದ್ದು, ಒಳಗಿನ ಒತ್ತಡ ಏರಿದಾಗ ಆ ಕೊಳವೆ ನೇರವಾಗಲು ಹವಣಿಸುತ್ತದೆ ಮತ್ತು ಅದರ ತುದಿಯ ಅಲ್ಪ ಚಲನೆಯನ್ನು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳ ಮೇಲೆ ಇಂದಿಗೂ ಕಾಣುವ ದುಂಡನೆಯ ಗೇಜು ಇದೇ ತತ್ವದ್ದು. ವಿದ್ಯುತ್ತಿನ ಹಂಗಿಲ್ಲದೆ ದುಡಿಯುವ ಈ ಮಾಪಕದ ಮಿತಿ ಒಂದೇ: ಅದನ್ನು ಓದಲು ಮನುಷ್ಯನು ಬಾಯ್ಲರಿನ ಬಳಿಗೇ ಹೋಗಬೇಕಾಗಿತ್ತು.

ಶಾಖದ ಅಳತೆಯ ಇತಿಹಾಸ ಇದಕ್ಕಿಂತ ಕುತೂಹಲಕರವಾಗಿದೆ. ಪಾದರಸದ ಉಷ್ಣಮಾಪಕ ಕುಲುಮೆಯ ಬಿಸಿಯನ್ನು ತಾಳಲಾರದ್ದರಿಂದ, ಕಮ್ಮಾರನಾಗಲಿ ಕುಂಬಾರನಾಗಲಿ ಬೆಂಕಿಯ ಬಣ್ಣವನ್ನು ನೋಡಿಯೇ ಹದವನ್ನು ನಿರ್ಧರಿಸಬೇಕಾಗಿತ್ತು. ಇಂಗ್ಲೆಂಡಿನ ಪಿಂಗಾಣಿ ತಯಾರಕ ಜೋಸಾಯಾ ವೆಜ್‌ವುಡ್ 1782ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ ಉಪಾಯವು ಜೇಡಿಮಣ್ಣು ಕಾದಷ್ಟೂ ಕುಗ್ಗುತ್ತದೆ ಎಂಬ ಅನುಭವದ ಮೇಲೆ ನಿಂತಿತ್ತು: ಒಂದೇ ಅಳತೆಯ ಮಣ್ಣಿನ ಬಿಲ್ಲೆಗಳನ್ನು ಗೂಡಿನಲ್ಲಿರಿಸಿ, ತೆಗೆದು ಆರಿಸಿದ ಮೇಲೆ, ಒಂದು ಕೊನೆಯತ್ತ ಪರಸ್ಪರ ಹತ್ತಿರವಾಗುತ್ತ ಹೋಗುವ ಎರಡು ಹಿತ್ತಾಳೆ ಪಟ್ಟಿಗಳ ನಡುವೆ ಜಾರಿಸಿದರೆ, ಹೆಚ್ಚು ಕುಗ್ಗಿದ ಬಿಲ್ಲೆ ಹೆಚ್ಚು ದೂರ ಸಾಗುತ್ತಿತ್ತು. ವೆಜ್‌ವುಡ್ ತನ್ನ ಅಳತೆಗೋಲನ್ನು ಫ್ಯಾರನ್‌ಹೀಟಿಗೆ ಹೊಂದಿಸಿ ಲೆಕ್ಕ ಹಾಕಿದಾಗ ಬೀಡುಕಬ್ಬಿಣ ಕರಗುವ ಶಾಖ ಸುಮಾರು 18,000 ಡಿಗ್ರಿ ಫ್ಯಾರನ್‌ಹೀಟ್ ಎಂದು ಬಂತು. ಅದು ನಿಜವಾಗಿ ಕರಗುವುದು 2,000 ಡಿಗ್ರಿಗಿಂತ ತುಸು ಮೇಲೆ. ಅಂದರೆ ಫಲಿತಾಂಶ ಎಂಟು ಪಟ್ಟಿಗೂ ಹೆಚ್ಚು ತಪ್ಪು. ಆದರೂ ಆ ಮಾಪಕ ಅವನ ಗೂಡುಗಳಲ್ಲಿ ಉಪಯೋಗಕ್ಕೆ ಬಂತು, ಏಕೆಂದರೆ ನಿನ್ನೆ ಒಳ್ಳೆಯ ಪಾತ್ರೆ ಕೊಟ್ಟ ಶಾಖ ಇಂದೂ ಇದೆಯೇ ಎಂಬ ಪ್ರಶ್ನೆಗೆ ಬಿಲ್ಲೆಗಳು ಸಾಕಷ್ಟು ಸ್ಥಿರವಾದ ಉತ್ತರ ಕೊಡುತ್ತಿದ್ದವು. ಅಳತೆಯ ಶಾಸ್ತ್ರದಲ್ಲಿ ಇಂದು ಪ್ರತ್ಯೇಕವಾಗಿ ಹೇಳುವ ಎರಡು ಗುಣಗಳು ಇಲ್ಲಿ ಸ್ಪಷ್ಟವಾಗಿ ಬೇರೆಯಾಗಿ ನಿಲ್ಲುತ್ತವೆ. ಅದೇ ಸ್ಥಿತಿಯಲ್ಲಿ ಮತ್ತೆ ಮತ್ತೆ ಅದೇ ಅಂಕಿಯನ್ನು ಕೊಡುವುದು ಸ್ಥಿರತೆ. ಆ ಅಂಕಿ ಸತ್ಯಕ್ಕೆ ಹತ್ತಿರವಿರುವುದು ನಿಖರತೆ. ಸ್ಥಿರವಾಗಿರುವ ಮಾಪಕ ನಿಖರವೂ ಆಗಿರುತ್ತದೆ ಎಂಬ ಭಾವನೆ ಕಾರ್ಖಾನೆಗಳಲ್ಲಿ ಇಂದಿಗೂ ಬಲವಾಗಿದೆ, ಮತ್ತು ಅನೇಕ ಅನಾಹುತಗಳ ಬೇರು ಅಲ್ಲಿಯೇ ಇದೆ.

ಕುಲುಮೆಯ ಶಾಖವನ್ನು ವಿದ್ಯುತ್ತಿನ ಭಾಷೆಗೆ ತಂದ ಶೋಧ ನಡೆದುದು 1821ರಲ್ಲಿ. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಎರಡೂ ತುದಿಗಳಲ್ಲಿ ಬೆಸೆದು ಒಂದು ತುದಿಯನ್ನು ಕಾಯಿಸಿದರೆ ಸುತ್ತಿನಲ್ಲಿ ವಿದ್ಯುತ್ ಹರಿಯುವ ಪರಿಣಾಮವನ್ನು ಥಾಮಸ್ ಜೋಹಾನ್ ಸೀಬೆಕ್ ಗುರುತಿಸಿದನು. 1880ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಲ ಶಾತೆಲಿಯೆ ಪ್ಲಾಟಿನಂ ಮತ್ತು ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ತಂತಿಗಳನ್ನು ಜೋಡಿಸಿ ಅದನ್ನು ಉದ್ಯಮದ ಬಳಕೆಗೆ ಯೋಗ್ಯವಾಗಿಸಿದನು. ಥರ್ಮೋಕಪಲ್ ಎಂದು ಕರೆಯಲಾಗುವ ಈ ಸಂವೇದಕದ ಇಂದಿನ ಅತ್ಯಂತ ಸಾಮಾನ್ಯ ರೂಪವಾದ ಕೆ ಮಾದರಿಯಲ್ಲಿ ನಿಕ್ಕಲ್-ಕ್ರೋಮಿಯಂ ಮತ್ತು ನಿಕ್ಕಲ್-ಅಲ್ಯೂಮಿನಿಯಂ ಮಿಶ್ರಲೋಹಗಳಿರುತ್ತವೆ. ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಅದು ಹುಟ್ಟಿಸುವುದು ಸುಮಾರು 41 ಮೈಕ್ರೊವೋಲ್ಟ್ ಮಾತ್ರ. ಇಲ್ಲಿ ವ್ಯತ್ಯಾಸ ಎಂಬ ಮಾತನ್ನು ಗಮನಿಸಬೇಕು. ಥರ್ಮೋಕಪಲ್ ಹೇಳುವುದು ಬಿಸಿ ತುದಿಗೂ ತಣ್ಣನೆಯ ತುದಿಗೂ ನಡುವಿನ ಅಂತರವನ್ನಷ್ಟೇ ಆದ್ದರಿಂದ, ತಂತಿಗಳು ಬಂದು ಸೇರುವ ಪೆಟ್ಟಿಗೆಯ ಶಾಖವನ್ನು ಮತ್ತೊಂದು ಸಂವೇದಕದಿಂದ ಅಳೆದು ಕೂಡಿಸದಿದ್ದರೆ ಫಲಕದ ಅಂಕಿ ಬೇಸಿಗೆಯಲ್ಲೊಂದು, ಮಳೆಗಾಲದಲ್ಲೊಂದು ಆಗುತ್ತದೆ. ವರ್ಷಗಟ್ಟಲೆ ಸುಡುವ ಶಾಖದಲ್ಲಿರುವ ತಂತಿಯ ರಾಸಾಯನಿಕ ರಚನೆಯೂ ನಿಧಾನವಾಗಿ ಮಾರ್ಪಟ್ಟು, ಯಾವ ಮುನ್ಸೂಚನೆಯೂ ಇಲ್ಲದೆ ಅಳತೆ ಸರಿದುಹೋಗುತ್ತದೆ. ಇದಕ್ಕಿಂತ ಸ್ಥಿರವಾದುದು ಪ್ಲಾಟಿನಂ ರೋಧಮಾಪಕ; ವಿಲಿಯಂ ಸೀಮನ್ಸ್ 1871ರಲ್ಲಿ ಸೂಚಿಸಿ ಹ್ಯೂ ಕ್ಯಾಲೆಂಡರ್ 1887ರಲ್ಲಿ ವಿಶ್ವಾಸಾರ್ಹಗೊಳಿಸಿದ ಆ ತತ್ವದ ಮೇಲೆಯೇ ಇಂದಿನ ಪಿಟಿ-100 ಸಂವೇದಕ ನಿಂತಿದ್ದು, ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇರುವ ಅದರ ರೋಧ ನೀರು ಕುದಿಯುವ ಶಾಖದಲ್ಲಿ 138.5 ಓಮ್ ಆಗುತ್ತದೆ.

ತೂಕ ಮತ್ತು ಬಲದ ಅಳತೆಯಲ್ಲಿ ಕ್ರಾಂತಿ ತಂದ ವರ್ಷ 1938. ತಂತಿಯನ್ನು ಎಳೆದರೆ ಅದರ ರೋಧ ಬದಲಾಗುತ್ತದೆ ಎಂಬುದನ್ನು ಲಾರ್ಡ್ ಕೆಲ್ವಿನ್ 1856ರಲ್ಲಿಯೇ ತೋರಿಸಿದ್ದರೂ, ಕೂದಲೆಳೆಯಂಥ ತಂತಿಯನ್ನು ಲೋಹದ ಮೈಗೆ ಅಂಟಿಸಿ ಆ ಲೋಹ ಹಿಗ್ಗುವುದನ್ನು ಅಳೆಯಬಹುದೆಂಬ ಆಲೋಚನೆಗೆ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆರ್ಥರ್ ರೂಜ್ ಪ್ರತ್ಯೇಕವಾಗಿಯೇ ಬಂದರು. ರೂಜ್ ಆಗ ಭೂಕಂಪವು ನೀರಿನ ಟ್ಯಾಂಕುಗಳ ಮೇಲೆ ಮಾಡುವ ಪರಿಣಾಮವನ್ನು ಅಭ್ಯಸಿಸುತ್ತಿದ್ದರು. ಸ್ಟ್ರೇನ್ ಗೇಜ್ ಎಂಬ ಈ ಸಂವೇದಕವನ್ನು ಉಕ್ಕಿನ ಗಟ್ಟಿಯ ಮೇಲೆ ಅಂಟಿಸಿದರೆ ಅದೇ ಲೋಡ್ ಸೆಲ್, ಮತ್ತು ಅಂಥ ಹಲವು ಸೆಲ್‌ಗಳ ಮೇಲೆ ನಿಲ್ಲಿಸಿದ ವೇದಿಕೆಯೇ ಲಾರಿ ತೂಗುವ ವೇಬ್ರಿಡ್ಜ್.

ಕಬ್ಬು ತುಂಬಿದ ಟ್ರ್ಯಾಕ್ಟರ್ ಆ ವೇದಿಕೆಯನ್ನೇರಿದಾಗ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಈ ತಂತ್ರದ ನಾಜೂಕು ತಿಳಿಯುತ್ತದೆ. ಉಕ್ಕು ತನ್ನ ಉದ್ದದ ಸಾವಿರದ ಒಂದು ಭಾಗದಷ್ಟು ಹಿಗ್ಗಿದರೆ, 350 ಓಮ್ ರೋಧದ ಗೇಜಿನಲ್ಲಿ ಆಗುವ ಬದಲಾವಣೆ ಸುಮಾರು 0.7 ಓಮ್. ನಾಲ್ಕು ಗೇಜುಗಳನ್ನು ವೀಟ್‌ಸ್ಟನ್ ಸೇತುವೆ ಎಂಬ ಚೌಕದಂಥ ಜೋಡಣೆಯಲ್ಲಿ ಕೂಡಿಸಿ, ಬಿಸಿಲಿನಿಂದಾಗುವ ಬದಲಾವಣೆ ಒಂದರದ್ದು ಇನ್ನೊಂದರಿಂದ ವಜಾ ಆಗುವಂತೆ ಮಾಡಿ, 10 ವೋಲ್ಟ್ ಕೊಟ್ಟರೆ, ಪೂರ್ಣ ಭಾರಕ್ಕೆ ಹೊರಬರುವ ಸಂಕೇತ ಸಾಮಾನ್ಯವಾಗಿ 20 ಮಿಲಿವೋಲ್ಟ್ ಮಾತ್ರ. ಬೆಳೆಗಾರನ ವರ್ಷದ ದುಡಿಮೆ ಆ 20 ಮಿಲಿವೋಲ್ಟಿನೊಳಗೆ ಅಡಗಿರುತ್ತದೆ. ಆ ಸಂಕೇತವನ್ನು ತೂಕವಾಗಿಸುವ ಗುಣಕವನ್ನು ತುಸು ಬದಲಿಸಿದರೂ, ವೇದಿಕೆಯ ಅಂಚಿನಲ್ಲಿ ಮಣ್ಣು ಸಿಕ್ಕಿಕೊಂಡರೂ ತೂಕ ಬದಲಾಗುತ್ತದೆ, ಮತ್ತು ಹೊರಗೆ ನಿಂತವನಿಗೆ ಅದು ಗೊತ್ತಾಗುವುದಿಲ್ಲ. ತೂಕದ ಬಗ್ಗೆ ಕಬ್ಬು ಬೆಳೆಗಾರರು ಎತ್ತುವ ದೂರುಗಳನ್ನು ಬರಿಯ ಸಂಶಯವೆಂದು ತಳ್ಳಿಹಾಕದೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆ ಅವರ ಎದುರಿಗೇ ನಡೆಯುವಂತೆ ಮಾಡುವುದು ನ್ಯಾಯ ಮಾತ್ರವಲ್ಲದೆ ಒಳ್ಳೆಯ ಅಳತೆಯ ಶಾಸ್ತ್ರವೂ ಹೌದು.

ಸಂವೇದಕ ಅರಿತುದನ್ನು ದೂರದ ನಿಯಂತ್ರಣ ಕೊಠಡಿಗೆ ಮುಟ್ಟಿಸುವುದು ಮುಂದಿನ ಸಮಸ್ಯೆಯಾಗಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಪೆಟ್ರೋಲಿಯಂ ಮತ್ತು ರಾಸಾಯನಿಕ ಘಟಕಗಳಲ್ಲಿ ಈ ಕೆಲಸವನ್ನು ಗಾಳಿ ಮಾಡುತ್ತಿತ್ತು: ಸಣ್ಣ ಕೊಳವೆಗಳಲ್ಲಿ ಗಾಳಿಯ ಒತ್ತಡವನ್ನು 3ರಿಂದ 15 ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಅಳತೆಯಲ್ಲಿ ಬದಲಿಸಿ, ಅತಿ ಕಡಿಮೆ ಮೌಲ್ಯಕ್ಕೆ 3 ಮತ್ತು ಅತಿ ಹೆಚ್ಚಿನದಕ್ಕೆ 15 ಎಂದು ಗೊತ್ತುಪಡಿಸಲಾಗಿತ್ತು. ವಿದ್ಯುನ್ಮಾನ ಬಂದಾಗ ಅದೇ ಅನುಪಾತ 4ರಿಂದ 20 ಮಿಲಿಆಂಪಿಯರ್ ಎಂಬ ವಿದ್ಯುತ್ ಪ್ರವಾಹಕ್ಕೆ ವರ್ಗಾವಣೆಯಾಯಿತು, ಮತ್ತು ಇಂದಿಗೂ ಜಗತ್ತಿನ ಬಹುಪಾಲು ಸಂಸ್ಕರಣಾ ಘಟಕಗಳಲ್ಲಿ ಅದೇ ರೂಢಿಯಲ್ಲಿದೆ. ವೋಲ್ಟೇಜಿನ ಬದಲು ಪ್ರವಾಹವನ್ನು ಆರಿಸಿಕೊಂಡುದಕ್ಕೆ ಕಾರಣವೆಂದರೆ, ತಂತಿ ಎಷ್ಟೇ ಉದ್ದವಾಗಿದ್ದು ಅದರ ರೋಧದಿಂದ ವೋಲ್ಟೇಜ್ ಕುಸಿದರೂ, ಒಂದೇ ಸುತ್ತಿನಲ್ಲಿ ಹರಿಯುವ ಪ್ರವಾಹ ಎಲ್ಲ ಕಡೆಯೂ ಒಂದೇ ಆಗಿರುತ್ತದೆ.

ಆದರೆ ಈ ವ್ಯವಸ್ಥೆಯ ನಿಜವಾದ ಜಾಣ್ಮೆ ಇರುವುದು ಕೆಳಗಿನ ಅಂಕಿಯಲ್ಲಿ. ಖಾಲಿ ಟ್ಯಾಂಕಿಗೆ ಸೊನ್ನೆ ಮಿಲಿಆಂಪಿಯರ್ ಎಂದು ಗೊತ್ತುಪಡಿಸಿದ್ದರೆ, ಟ್ಯಾಂಕು ಖಾಲಿಯಾಗಿದ್ದರೂ ತಂತಿ ತುಂಡಾಗಿದ್ದರೂ ಕೊಠಡಿಗೆ ಬರುವ ಸುದ್ದಿ ಒಂದೇ ಆಗಿಬಿಡುತ್ತಿತ್ತು. ಖಾಲಿ ಎಂಬುದಕ್ಕೆ 4 ಎಂಬ ಅಂಕಿಯನ್ನು ಮೀಸಲಿಟ್ಟಿದ್ದರಿಂದ, ಸೊನ್ನೆ ಬಂದರೆ ಅದು ಟ್ಯಾಂಕಿನ ಸುದ್ದಿಯಾಗಿರದೆ ಸಂವೇದಕದ ಸುದ್ದಿಯಾಗಿರುತ್ತದೆ. ಜೀವಂತ ಸೊನ್ನೆ ಎನ್ನಬಹುದಾದ ಈ ಕ್ರಮವನ್ನು ಮುಂದೆ ಇನ್ನಷ್ಟು ಬಿಗಿಗೊಳಿಸಿ, ಪ್ರವಾಹ 3.6ಕ್ಕಿಂತ ಇಳಿದರೆ ಅಥವಾ 21ಕ್ಕೇರಿದರೆ ಅದನ್ನು ಸಾಧನದ ದೋಷವೆಂದೇ ಓದಬೇಕೆಂಬ ನಿಯಮವನ್ನು ಜರ್ಮನಿಯ ನಾಮುರ್ ಎಂಬ ಬಳಕೆದಾರರ ಸಂಘಟನೆ ರೂಪಿಸಿತು. ಕುಲುಮೆಗಳಲ್ಲಿಯೂ ಇದೇ ಬಗೆಯ ಎಚ್ಚರವಿದೆ: ಥರ್ಮೋಕಪಲ್ ತುಂಡಾದಾಗ ನಿಯಂತ್ರಕವು ಅಂಕಿಯನ್ನು ತಾನಾಗಿಯೇ ಗರಿಷ್ಠಕ್ಕೆ ಏರಿಸಿ ತೋರಿಸುವಂತೆ ಹೊಂದಿಸಲಾಗಿರುತ್ತದೆ; ಕುಲುಮೆ ಅತಿಯಾಗಿ ಕಾದಿದೆ ಎಂದು ತಿಳಿದು ಹೀಟರ್ ನಿಂತುಹೋಗುತ್ತದೆಯೇ ಹೊರತು, ತಣ್ಣಗಿದೆ ಎಂದು ಭ್ರಮಿಸಿ ಉರಿಯುತ್ತಲೇ ಇರುವುದಿಲ್ಲ. ತನ್ನ ಸೋಲನ್ನು ತಾನೇ ಹೇಳಿಕೊಳ್ಳಬಲ್ಲ ಸಾಧನವನ್ನು ರೂಪಿಸಿದ್ದು ಈ ಕ್ಷೇತ್ರದ ಅತ್ಯಂತ ಘನವಾದ ಸಾಧನೆ ಎಂದರೆ ಅತಿಶಯೋಕ್ತಿಯಾಗದು.

ಸಂವೇದಕಗಳು ಚಿಕ್ಕವಾಗುತ್ತ, ಅಗ್ಗವಾಗುತ್ತ ಬಂದ ಕಥೆ ಹೆಚ್ಚು ಪರಿಚಿತವಾದುದರಿಂದ ಅದನ್ನು ಚುಟುಕಾಗಿ ಹೇಳಬಹುದು. ಸ್ಫೋಟಕ ಆವಿಯಿರುವ ಜಾಗಗಳಲ್ಲಿ ಕಿಡಿ ಹಾರಿಸುವ ಯಾಂತ್ರಿಕ ಸ್ವಿಚ್ಚುಗಳ ಬದಲಿಗೆ, ಲೋಹ ಹತ್ತಿರ ಬಂದುದನ್ನು ಮುಟ್ಟದೆಯೇ ಅರಿಯುವ ಪ್ರಾಕ್ಸಿಮಿಟಿ ಸ್ವಿಚ್ಚು 1958ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಪೆಪ್ಪರ್ಲ್ ಮತ್ತು ಫುಕ್ಸ್ ಎಂಬ ಇಬ್ಬರ ಕಾರ್ಯಾಗಾರದಲ್ಲಿ ರೂಪುಗೊಂಡಿತು. ಸಿಲಿಕಾನ್ ಮತ್ತು ಜರ್ಮೇನಿಯಂ ಹರಳುಗಳ ಮೇಲೆ ಒತ್ತಡ ಬಿದ್ದಾಗ ಅವುಗಳ ರೋಧ ಲೋಹದ ತಂತಿಗಿಂತ ಹತ್ತಾರು ಪಟ್ಟು ಹೆಚ್ಚಾಗಿ ಬದಲಾಗುತ್ತದೆಂದು 1954ರಲ್ಲಿ ಚಾರ್ಲ್ಸ್ ಸ್ಮಿತ್ ಪ್ರಕಟಿಸಿದ ಮೇಲೆ, ಚಿಪ್ ತಯಾರಿಸುವ ವಿಧಾನದಿಂದಲೇ ಒತ್ತಡಮಾಪಕವನ್ನೂ ತಯಾರಿಸುವ ದಾರಿ ತೆರೆಯಿತು. 1990ರ ದಶಕದ ಮೊದಲಲ್ಲಿ ಕಾರುಗಳ ಏರ್‌ಬ್ಯಾಗಿಗಾಗಿ ಬಂದ ಸಿಲಿಕಾನ್ ವೇಗೋತ್ಕರ್ಷಮಾಪಕವು ಇದೇ ದಾರಿಯ ಫಲ. ಇಂದು ಅದರ ಸಂತತಿ ಪಂಪು ಮತ್ತು ಮೋಟರುಗಳ ಮೇಲೆ ಕುಳಿತು, ಬೇರಿಂಗ್ ಕೆಡುವ ಮುನ್ನ ಮೂಡುವ ಕಂಪನದ ಬದಲಾವಣೆಯನ್ನು ನಿಸ್ತಂತು ಜಾಲದ ಮೂಲಕ ತಿಳಿಸುತ್ತದೆ. ಕಂಪನವನ್ನು ಆಲಿಸಿ ಅಪಾಯವನ್ನು ಅಂದಾಜಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದೂ ಅಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದಿದ್ದ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ತಟ್ಟನೆ ಸಿಡಿಯುವ ಅವಘಡಗಳನ್ನು ಅಭ್ಯಸಿಸಲು, ನೆಲದ ನಡುಕವನ್ನು ಗ್ರಹಿಸುವ ಜಿಯೋಫೋನುಗಳ ಜಾಲವನ್ನು 1970ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಹೂಡಲಾಗಿತ್ತು.

ಇಷ್ಟೆಲ್ಲ ಬೆಳವಣಿಗೆಯ ನಂತರವೂ ಅಂಕಿಗಳು ದಾರಿ ತಪ್ಪಿಸುವುದು ನಿಂತಿಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ಬಿಪಿ ತೈಲ ಶುದ್ಧೀಕರಣಾಗಾರದಲ್ಲಿ 15 ಜನರನ್ನು ಬಲಿ ತೆಗೆದುಕೊಂಡ ಸ್ಫೋಟದ ತನಿಖೆ ಈ ದೃಷ್ಟಿಯಿಂದ ಪ್ರತಿಯೊಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಓದಬೇಕಾದುದು. ಸುಮಾರು 170 ಅಡಿ ಎತ್ತರದ ಬಟ್ಟಿ ಇಳಿಸುವ ಗೋಪುರದ ತಳದಲ್ಲಿ ಕೆಲವೇ ಅಡಿ ದ್ರವವಿರಬೇಕಾಗಿತ್ತು, ಮತ್ತು ಅಲ್ಲಿದ್ದ ಮಟ್ಟಮಾಪಕ ಆ ತಳಭಾಗವನ್ನು ಅಳೆಯುವಷ್ಟೇ ವ್ಯಾಪ್ತಿಯದಾಗಿತ್ತು. ದ್ರವದಲ್ಲಿ ಮುಳುಗಿದ ದಂಡವೊಂದರ ಮೇಲೆ ದ್ರವವು ಬೀರುವ ತೇಲಿಸುವ ಬಲವನ್ನು ಅಳೆದು ಮಟ್ಟವನ್ನು ಲೆಕ್ಕ ಹಾಕುವುದು ಆ ಮಾಪಕದ ಕ್ರಮ. ಅಂದು ಗೋಪುರವನ್ನು ಮಿತಿಮೀರಿ ತುಂಬಿಸಿದ್ದರಿಂದ ದಂಡ ಸಂಪೂರ್ಣವಾಗಿ ಮುಳುಗಿತ್ತು. ಮುಳುಗಿದ ಮೇಲೆ ದ್ರವ ಎಷ್ಟು ಏರಿದರೂ ತೇಲಿಸುವ ಬಲ ಹೆಚ್ಚುವುದಿಲ್ಲ, ಬದಲಿಗೆ ಅದು ದ್ರವದ ಸಾಂದ್ರತೆಯನ್ನಷ್ಟೇ ಅವಲಂಬಿಸುತ್ತದೆ. ಕುಲುಮೆ ದ್ರವವನ್ನು ಕಾಯಿಸುತ್ತ ಹೋದಂತೆ ಸಾಂದ್ರತೆ ಇಳಿಯಿತು, ಬಲ ಇಳಿಯಿತು, ಫಲಕದ ಅಂಕಿಯೂ ಇಳಿಯಿತು. ದ್ರವ ವಾಸ್ತವದಲ್ಲಿ 150 ಅಡಿಗಳನ್ನು ದಾಟಿದ್ದಾಗ ಮಾಪಕ ಎಂಟು ಅಡಿಯ ಆಸುಪಾಸಿನ, ಅದೂ ನಿಧಾನವಾಗಿ ತಗ್ಗುತ್ತಿರುವ ಮಟ್ಟವನ್ನು ತೋರಿಸುತ್ತಿತ್ತು. ಮಾಪಕವನ್ನು ಹೊಂದಿಸುವಾಗ ಬಳಸಿದ್ದ ಸಾಂದ್ರತೆಯ ಅಂಕಿ ಹಳೆಯದಾಗಿತ್ತು, ಮೇಲ್ಮಟ್ಟವನ್ನು ಎಚ್ಚರಿಸಬೇಕಾದ ಪ್ರತ್ಯೇಕ ಅಲಾರಂ ಮೊಳಗಲಿಲ್ಲ, ಕಣ್ಣಿನಿಂದ ನೋಡಲೆಂದು ಇಟ್ಟಿದ್ದ ಗಾಜು ಕೊಳೆಯಿಂದ ಮಬ್ಬಾಗಿತ್ತು. ಈ ಪ್ರಕರಣದಲ್ಲಿ ಮಾಪಕದ ಸಂಕೇತ 4 ಮತ್ತು 20ರ ನಡುವೆಯೇ ಇತ್ತೆಂಬುದನ್ನು ಗಮನಿಸಬೇಕು. ತುಂಡಾದ ತಂತಿಯನ್ನು ಹಿಡಿಯಬಲ್ಲ ಜೀವಂತ ಸೊನ್ನೆಯು, ತಾನು ಅಳೆಯುತ್ತಿರುವುದು ಮಟ್ಟವನ್ನಲ್ಲ ಎಂಬುದನ್ನು ಅರಿಯದ ಮಾಪಕವನ್ನು ಹಿಡಿಯಲಾರದು.

ಅದೇ ವರ್ಷದ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ ಪೆಟ್ರೋಲ್ ಟ್ಯಾಂಕೊಂದು ತುಂಬಿ ಹರಿದು ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಗಾಯಗೊಂಡುದಕ್ಕೆ ಕಾರಣ ಇನ್ನೂ ಸರಳವಾಗಿತ್ತು. ಮಟ್ಟಮಾಪಕ ನಸುಕಿನಲ್ಲಿ ಒಂದೇ ಅಂಕಿಗೆ ಸಿಕ್ಕಿಕೊಂಡಿತ್ತು. ಹಿಂದಿನ ಮೂರೂವರೆ ತಿಂಗಳಲ್ಲಿ ಅದು ಹಲವಾರು ಬಾರಿ ಹಾಗೆ ಸಿಕ್ಕಿಕೊಂಡಿದ್ದರೂ ಮೂಲ ದೋಷವನ್ನು ಸರಿಪಡಿಸಿರಲಿಲ್ಲ. ಕೊನೆಯ ರಕ್ಷಣೆಯಾಗಿದ್ದ ಮೇಲ್ಮಟ್ಟದ ಸ್ವಿಚ್ಚಿನ ಪರೀಕ್ಷಾ ಸನ್ನೆಯನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡಲು ಒಂದು ಬೀಗ ಬೇಕಾಗಿತ್ತು. ಆ ಬೀಗದ ಮಹತ್ವ ಅಲ್ಲಿದ್ದವರಿಗೆ ತಿಳಿದಿರಲಿಲ್ಲವಾದ್ದರಿಂದ ಅದನ್ನು ಹಾಕಿರಲಿಲ್ಲ.

ಭಾರತದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಘಟಕದಿಂದ ಸ್ಟೈರೀನ್ ಆವಿ ಸೋರಿ 12 ಜನ ಸತ್ತರು. ಸ್ಟೈರೀನ್ ದ್ರವವು ಬಿಸಿಯಾದರೆ ಅದರ ಅಣುಗಳು ಒಂದಕ್ಕೊಂದು ಕೊಂಡಿಯಾಗಿ ಸೇರತೊಡಗುತ್ತವೆ, ಹಾಗೆ ಸೇರುವಾಗ ಮತ್ತಷ್ಟು ಶಾಖ ಹುಟ್ಟುತ್ತದೆ, ಆ ಶಾಖ ಕ್ರಿಯೆಯನ್ನು ಇನ್ನೂ ಚುರುಕುಗೊಳಿಸುತ್ತದೆ. ಆದ್ದರಿಂದ ಅದನ್ನು ತಂಪಾಗಿಟ್ಟು, ಕ್ರಿಯೆಯನ್ನು ತಡೆಯುವ ರಾಸಾಯನಿಕವನ್ನು ಬೆರೆಸಿಡಬೇಕು. ಲಾಕ್‌ಡೌನಿನ ವಾರಗಳಲ್ಲಿ ನಿಶ್ಚಲವಾಗಿ ನಿಂತಿದ್ದ ಆ ಟ್ಯಾಂಕಿನ ಶಾಖವನ್ನು ತಳಭಾಗದಲ್ಲಿ ಮಾತ್ರ ಅಳೆಯಲಾಗುತ್ತಿತ್ತು ಎಂಬುದನ್ನು ಆಂಧ್ರ ಪ್ರದೇಶ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಎತ್ತಿ ಹೇಳಿತು. ಬಿಸಿ ದ್ರವ ಹಗುರವಾಗಿ ಮೇಲಕ್ಕೇರುವುದರಿಂದ ಕ್ರಿಯೆ ಆರಂಭವಾದುದೂ ಬೆಳೆದುದೂ ಮೇಲಿನ ಪದರಗಳಲ್ಲಿ. ಕೆಳಗಿನ ಸಂವೇದಕ ತನ್ನ ಸುತ್ತಲಿನ ದ್ರವದ ಶಾಖವನ್ನು ಹೇಳುತ್ತಿತ್ತೇ ಹೊರತು ಟ್ಯಾಂಕಿನ ಶಾಖವನ್ನಲ್ಲ. ಒಂದೇ ಕೊಳವೆಯಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಹಲವು ಉಷ್ಣ ಸಂವೇದಕಗಳನ್ನು ಇಳಿಬಿಡುವ ತಂತ್ರ ದುಬಾರಿಯೂ ಅಲ್ಲ, ಹೊಸದೂ ಅಲ್ಲ. ಇಂಥ ಸಾವುಗಳನ್ನು ತಂತ್ರಜ್ಞಾನದ ಕೊರತೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಅಂಕಿಗಳು ಹೀಗೆ ದಾರಿ ತಪ್ಪಿಸುವುದಕ್ಕೆ ಎಂಜಿನಿಯರುಗಳು ಕಂಡುಕೊಂಡಿರುವ ಉತ್ತರಗಳಲ್ಲಿ ಒಂದು ಬಹುಮತದ ಪದ್ಧತಿ: ಅಪಾಯಕಾರಿ ಸ್ಥಳದಲ್ಲಿ ಮೂರು ಸಂವೇದಕಗಳನ್ನಿಟ್ಟು, ಕನಿಷ್ಠ ಎರಡು ಒಪ್ಪಿದಾಗ ಘಟಕ ತಾನಾಗಿ ನಿಲ್ಲುವಂತೆ ಮಾಡಲಾಗುತ್ತದೆ, ಮತ್ತು ಮೂರೂ ಒಂದೇ ತತ್ವದವಾಗಿದ್ದರೆ ಒಂದೇ ಕಾರಣದಿಂದ ಮೂರೂ ತಪ್ಪಬಹುದಾದ್ದರಿಂದ ಬೇರೆ ಬೇರೆ ತತ್ವದವನ್ನು ಆರಿಸಲಾಗುತ್ತದೆ. ಎರಡನೆಯ ಉತ್ತರ ಕ್ಯಾಲಿಬ್ರೇಷನ್, ಅಂದರೆ ಕಾರ್ಖಾನೆಯ ಮಾಪಕವನ್ನು ಅದಕ್ಕಿಂತ ನಿಖರವಾದ ಇನ್ನೊಂದರೊಂದಿಗೆ ನಿಗದಿತ ಅವಧಿಗೊಮ್ಮೆ ಹೋಲಿಸಿ ನೋಡುವುದು. ಆ ಇನ್ನೊಂದನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿಯೂ, ಪ್ರಯೋಗಾಲಯದ್ದನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕದೊಂದಿಗೂ ಹೋಲಿಸುತ್ತ ಹೋದರೆ, ಪೀಣ್ಯದ ಸಣ್ಣ ಕಾರ್ಯಾಗಾರವೊಂದರ ಒಲೆಯ ಅಂಕಿಯೂ ಅಂತರರಾಷ್ಟ್ರೀಯ ಮಾನಗಳವರೆಗೆ ತಲುಪುವ ಸರಪಳಿಯ ಒಂದು ಕೊಂಡಿಯಾಗುತ್ತದೆ. ಕೊಂಡಿಯೊಂದು ಕಳಚಿದರೆ ಉಳಿಯುವುದು ವೆಜ್‌ವುಡ್‌ನ ಬಿಲ್ಲೆಯಷ್ಟೇ ನಂಬಿಕೆಗೆ ಅರ್ಹವಾದ ಅಂಕಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಂಥ ಕಡೆಗಳಲ್ಲಿ ಹೊಸ ಸಂವೇದಕಗಳ ಸಂಶೋಧನೆ ನಡೆದಿರುವುದು ಸಂತೋಷದ ಸಂಗತಿ. ಸಂವೇದಕಗಳು ಅಗ್ಗವಾದಂತೆ ಒಂದು ಘಟಕದಲ್ಲಿ ಹತ್ತು ಇದ್ದ ಕಡೆ ನೂರು ಬರುತ್ತಿವೆ, ಅವುಗಳ ಅಂಕಿಗಳನ್ನು ಗಣಕಗಳು ವಿಶ್ಲೇಷಿಸಿ ತೀರ್ಮಾನವನ್ನೂ ಹೇಳುತ್ತಿವೆ. ಆದರೆ ನೂರು ಸಂವೇದಕಗಳನ್ನು ನೋಡಿಕೊಳ್ಳಲು ನೇಮಿಸಿದ ತಂತ್ರಜ್ಞರ ಸಂಖ್ಯೆ ಅದೇ ಪ್ರಮಾಣದಲ್ಲಿ ಹೆಚ್ಚದಿದ್ದರೆ, ಹೆಚ್ಚುವುದು ಅಂಕಿಗಳೇ ಹೊರತು ಅರಿವಲ್ಲ. ಉತ್ಪಾದನೆ ನಿಲ್ಲಬಾರದೆಂದು ಅಲಾರಮನ್ನು ಬೈಪಾಸ್ ಮಾಡುವ, ಕ್ಯಾಲಿಬ್ರೇಷನ್ನಿನ ದಿನಾಂಕವನ್ನು ಮುಂದಿನ ತಿಂಗಳಿಗೆ ತಳ್ಳುವ ಪದ್ಧತಿಯನ್ನು ಕಾರ್ಖಾನೆಗಳ ಆಡಳಿತ ಮಂಡಳಿಗಳು ಕೈಬಿಡಬೇಕು. ಮಾಪಕಗಳನ್ನು ನೋಡಿಕೊಳ್ಳುವ ಇನ್‌ಸ್ಟ್ರುಮೆಂಟ್ ತಂತ್ರಜ್ಞನಿಗೆ, ಸುರಕ್ಷತೆಗೆ ಸಂಬಂಧಿಸಿದ ಸಂವೇದಕದ ಪರಿಶೀಲನೆ ಬಾಕಿಯಿದ್ದರೆ ಆ ಘಟಕವನ್ನು ಚಾಲೂ ಮಾಡಲು ಬಿಡದಿರುವ ಲಿಖಿತ ಅಧಿಕಾರವನ್ನು ಕೊಡಬೇಕು, ಮತ್ತು ಕಾರ್ಖಾನೆ ಪರಿವೀಕ್ಷಕರು ತಪಾಸಣೆಗೆ ಬಂದಾಗ ಮೊದಲು ಕೇಳಬೇಕಾದ ಕಡತ ಆ ತಂತ್ರಜ್ಞನ ಸಹಿ ಇರುವ ಕಡತವಾಗಬೇಕು.